ಮೂರನೇ ಹುಡುಗ, 262ನೇ ಹುಡುಗ: ಎನ್‌ಎಫ್‌ಎಲ್ ಡ್ರಾಫ್ಟ್‌ನ ಅಳತೆಗೋಲನ್ನು ಎಷ್ಟು ನಂಬಬಹುದು?

2021ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡ ಒಂದು ಭಾರಿ ವ್ಯಾಪಾರ ಕುದುರಿಸಿತು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್; ಅದರ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಮುಂದಿನ ತಿಂಗಳು ನಡೆಯಲಿದ್ದ ಡ್ರಾಫ್ಟ್‌ನಲ್ಲಿ ಈ ತಂಡದ ಸರದಿ 12ನೆಯದು. ಅದನ್ನು ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟು 3ನೇ ಸರದಿ ಪಡೆಯಿತು. ಒಂಬತ್ತು ಮೆಟ್ಟಿಲು ಹತ್ತಲು ಕೊಟ್ಟ ಬೆಲೆ ಏನು ಗೊತ್ತಾ? ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳು, ಜೊತೆಗೆ ಒಂದು ಮೂರನೇ ಸುತ್ತಿನ ಆಯ್ಕೆ. ಹಾಗೆ ದಕ್ಕಿದ ಸರದಿಯಲ್ಲಿ ಅವರು ಆರಿಸಿಕೊಂಡಿದ್ದು ಟ್ರೇ ಲ್ಯಾನ್ಸ್ ಎಂಬ 20 ವರ್ಷದ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನನ್ನು.

ಮರುವರ್ಷ ಅದೇ ತಂಡ, ಅದೇ ಕೋಚ್, ಅದೇ ಜನರಲ್ ಮ್ಯಾನೇಜರ್. ಈ ಸಲ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, ಅಂದರೆ 262ನೆಯದು, ಅವರ ಪಾಲಿಗೆ ಬಂದಿತ್ತು. ಕೊನೆಗೆ ಉಳಿಯುವ ಹುಡುಗನಿಗೆ ಅಲ್ಲಿ ‘ಮಿಸ್ಟರ್ ಇರ್ರೆಲೆವೆಂಟ್’ ಅಂತ ಒಂದು ಅಡ್ಡಹೆಸರು ಇದೆ. ಲೆಕ್ಕಕ್ಕೆ ಬಾರದವನು ಎಂದು ಅರ್ಥ. ಆ ವರ್ಷದ ಲೆಕ್ಕಕ್ಕೆ ಬಾರದವನು ಅಯೋವಾ ಸ್ಟೇಟ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ.

ಆಮೇಲೆ ಆದದ್ದು ಇಷ್ಟು. ಲ್ಯಾನ್ಸ್ ಈ ತಂಡಕ್ಕಾಗಿ ಆರಂಭದಿಂದ ಆಡಿದ್ದು ಬರೀ ನಾಲ್ಕು ಪಂದ್ಯ. 2022ರ ಸೆಪ್ಟೆಂಬರ್‌ನಲ್ಲಿ ಪಾದದ ಗಂಟು ಮುರಿಯಿತು. 2023ರ ಆಗಸ್ಟ್‌ನಲ್ಲಿ ಒಂದೇ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಅವನನ್ನು ಡಲ್ಲಾಸ್ ತಂಡಕ್ಕೆ ಕೊಟ್ಟುಬಿಟ್ಟರು. ಪರ್ಡಿ ಮಾತ್ರ ಮುಂದಿದ್ದ ಇಬ್ಬರೂ ಗಾಯಗೊಂಡ ಮೇಲೆ ಮೈದಾನಕ್ಕೆ ಇಳಿದವನು ಮತ್ತೆ ಜಾಗ ಬಿಡಲಿಲ್ಲ. 2024ರ ಫೆಬ್ರವರಿಯಲ್ಲಿ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಕರೆದೊಯ್ದ. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ.

ಈ ತಂಡದ ಕ್ರೀಡಾಂಗಣ ಇರುವುದು ಸಾಂತಾ ಕ್ಲಾರಾದಲ್ಲಿ. ಆ ಸುತ್ತಮುತ್ತ ನೆಲೆಸಿದ ಎಷ್ಟೋ ಕನ್ನಡದ ಮನೆಗಳಿಗೆ ಈ ಕಥೆ ಹೊಸದಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ ಒಂದು ವಿಷಯ. ದೊಡ್ಡ ತಪ್ಪು ಮಾಡಿದವರೂ ಅವರೇ, ದೊಡ್ಡ ನಿಧಿ ಸಿಕ್ಕಿದ್ದೂ ಅವರಿಗೇ. ಕಣ್ಣು ಒಂದೇ, ವಿಧಾನ ಒಂದೇ, ನಡುವೆ ಒಂದು ವರ್ಷದ ಅಂತರ. ಹಾಗಾದರೆ ಈ ಅಳೆಯುವ ಕೆಲಸದಲ್ಲಿ ಜಾಣತನ ಎಷ್ಟು, ಅದೃಷ್ಟ ಎಷ್ಟು? ಪ್ರತಿ ಏಪ್ರಿಲ್‌ನಲ್ಲೂ ಈ ಚರ್ಚೆ ಏಳುತ್ತದೆ. ನನ್ನ ಉತ್ತರ ಇದು: ತಂಡಗಳಿಗೆ ಮಾಹಿತಿಯ ಬರ ಇಲ್ಲ. ಇರುವ ಮಾಹಿತಿಯನ್ನು ಅಗತ್ಯಕ್ಕಿಂತ ಜಾಸ್ತಿ ನಂಬಿ ಅವು ಎಡವುತ್ತವೆ.

ಡ್ರಾಫ್ಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗಾಗಿ ಎರಡು ಮಾತು. ಐಪಿಎಲ್‌ನಲ್ಲಿ ಹರಾಜು ಇರುವ ಹಾಗೆ ಇಲ್ಲಿ ಸರದಿ ಇದೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದ ತಂಡಕ್ಕೆ ಕೊನೆಯದು. 32 ತಂಡ, ಏಳು ಸುತ್ತು, ಒಟ್ಟು 250ರಿಂದ 260ರಷ್ಟು ಹುಡುಗರು. ಸರದಿಗಳನ್ನು ತಂಡಗಳು ತಮ್ಮೊಳಗೆ ಮಾರಿಕೊಳ್ಳಬಹುದು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗುವ ತನಕ ಯಾರೂ ಡ್ರಾಫ್ಟ್‌ಗೆ ಬರುವ ಹಾಗಿಲ್ಲ. ಹಾಗಾಗಿ ಕಾಲೇಜು ತಂಡಗಳೇ ಈ ಲೀಗ್‌ನ ಸಸಿಮಡಿ. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದಲ್ಲಿ. ಮೊಟ್ಟಮೊದಲ ಆಯ್ಕೆ ಜೇ ಬರ್ವ್ಯಾಂಗರ್. ಅವನು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲೇ ಇಲ್ಲ.

ಗಡಿಯಾರ, ಟೇಪು, ಗೇಣು

ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಒಂದೆಡೆ ಸೇರಿಸುತ್ತಾರೆ. ಇದಕ್ಕೆ ‘ಕಂಬೈನ್’ ಎಂದು ಹೆಸರು. 40 ಗಜದ ಓಟ ಓಡಿಸುತ್ತಾರೆ. ನಿಂತಲ್ಲಿಂದ ಮೇಲಕ್ಕೆ, ಮುಂದಕ್ಕೆ ಹಾರಿಸುತ್ತಾರೆ. 225 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 102 ಕೆಜಿ ಭಾರವನ್ನು ಎಷ್ಟು ಸಲ ಎತ್ತುತ್ತಾರೆ ಎಂದು ಎಣಿಸುತ್ತಾರೆ. ಎತ್ತರ, ತೂಕ, ತೋಳಿನ ಉದ್ದ, ಕೊನೆಗೆ ಗೇಣು ಕೂಡ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ ಎಷ್ಟು ಇಂಚು ಎಂದು ಬರೆದುಕೊಳ್ಳುತ್ತಾರೆ. ಚಳಿಯಲ್ಲಿ, ಮಳೆಯಲ್ಲಿ ಚೆಂಡು ಜಾರದಂತೆ ಹಿಡಿಯಲು ಕ್ವಾರ್ಟರ್‌ಬ್ಯಾಕ್‌ಗೆ ದೊಡ್ಡ ಗೇಣು ಬೇಕು ಎಂಬುದು ಹಳೆಯ ನಂಬಿಕೆ.

ಒಳ ಚಡ್ಡಿಯಷ್ಟೇ ತೊಟ್ಟ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದು ನಿಂತು ಅಳತೆ ಕೊಡುವುದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮನಸ್ಸಿಗೆ ಹಿಡಿಸುವುದಿಲ್ಲ. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ, ಬೆನ್ನು ತಟ್ಟಿ ನೋಡುವುದು ನೆನಪಾಗುತ್ತದೆ. ಬಂದ ಹುಡುಗರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು, ಅಳೆಯುವ ತಂಡಗಳ ಮಾಲೀಕರು ಬಹುಪಾಲು ಬಿಳಿಯರು. ಆ ದೇಶದ ಚರಿತ್ರೆ ಗೊತ್ತಿರುವವರಿಗೆ ಅದು ಚುಚ್ಚದೆ ಇರುವುದಿಲ್ಲ.

ಈ ಅಳತೆಗಳಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ 40 ಗಜದ ಓಟಕ್ಕೆ ಸಿಗುವ ಮರ್ಯಾದೆ ಜಾಸ್ತಿಯಾಯಿತು. 2017ರ ಡ್ರಾಫ್ಟ್ ನೋಡಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ರಾಸ್ 4.22 ಸೆಕೆಂಡ್‌ನಲ್ಲಿ ಓಡಿ ಆಗಿನ ದಾಖಲೆ ಮುರಿದ. ಸಿನ್ಸಿನಾಟಿ ತಂಡ ಅವನನ್ನು 9ನೇ ಸರದಿಯಲ್ಲೇ ಆರಿಸಿಕೊಂಡಿತು. ಅದೇ ವಾಷಿಂಗ್ಟನ್ ರಾಜ್ಯದ ಇನ್ನೊಂದು ಸಣ್ಣ ಕಾಲೇಜಿನಿಂದ ಕೂಪರ್ ಕಪ್ ಎಂಬ ಹುಡುಗ ಬಂದಿದ್ದ. ಆಡುವ ಜಾಗ ಒಂದೇ, ಇಬ್ಬರೂ ಚೆಂಡು ಹಿಡಿಯುವ ರಿಸೀವರ್‌ಗಳು. ಕಪ್ ಓಡಿದ್ದು 4.62 ಸೆಕೆಂಡ್‌ನಲ್ಲಿ. ರಿಸೀವರ್‌ಗೆ ಅದು ನಿಧಾನವೇ. ಅವನು 69ನೇ ಸರದಿವರೆಗೆ ಕಾಯಬೇಕಾಯಿತು.

ಮೊದಲ ವರ್ಷ ರಾಸ್ ಒಂದೂ ಚೆಂಡು ಹಿಡಿಯಲಿಲ್ಲ. ಗಾಯಗಳು ಅವನನ್ನು ಕಾಡಿದವು, ಅದನ್ನು ಮರೆಯಬಾರದು. ಕಪ್ 2021ರ ಋತುವಿನಲ್ಲಿ 145 ಚೆಂಡು ಹಿಡಿದು 1,947 ಗಜ ಗಳಿಸಿದ. ಹಿಡಿದ ಚೆಂಡು, ಗಜ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಮೂರರಲ್ಲೂ ಲೀಗ್‌ಗೇ ಮೊದಲಿಗ. ಆ ಋತುವಿನ ಸೂಪರ್ ಬೌಲ್‌ನಲ್ಲಿ ಅತ್ಯುತ್ತಮ ಆಟಗಾರ ಕೂಡ ಅವನೇ. 0.40 ಸೆಕೆಂಡ್‌ನ ವ್ಯತ್ಯಾಸ 60 ಸರದಿಯ ವ್ಯತ್ಯಾಸವಾಗಿ ಬೆಳೆದುಬಿಟ್ಟಿತ್ತು.

ಇದು ಯಾಕೆ ಹೀಗೆ? ಪಂದ್ಯದಲ್ಲಿ ರಿಸೀವರ್ ನೇರವಾಗಿ 40 ಗಜ ಓಡುವುದು ಅಪರೂಪ. ಹತ್ತು ಹೆಜ್ಜೆ ಓಡಿ ಗಕ್ಕನೆ ನಿಲ್ಲಬೇಕು, ತಿರುಗಬೇಕು. ಎದುರಾಳಿಯ ಸೊಂಟ ಯಾವ ಕಡೆ ವಾಲಿದೆ ಎಂದು ನೋಡಿ ಅದರ ವಿರುದ್ಧ ದಿಕ್ಕಿಗೆ ಮುರಿಯಬೇಕು. ನಿಲ್ಲುವುದರಲ್ಲಿರುವ ಕೌಶಲವನ್ನು ಓಟದ ಗಡಿಯಾರ ಅಳೆಯುವುದಿಲ್ಲ. 2024ರಲ್ಲಿ ಟೆಕ್ಸಸ್‌ನ ಝೇವಿಯರ್ ವರ್ದಿ 4.21 ಓಡಿ ರಾಸ್ ದಾಖಲೆ ಮುರಿದಾಗ ಅವನಿಗೆ ಸಿಕ್ಕಿದ್ದು 28ನೇ ಸರದಿ. ತಂಡಗಳು ಸ್ವಲ್ಪ ಕಲಿತಿವೆ ಅನ್ನಿಸುತ್ತದೆ.

ತೋಳಿನ ಉದ್ದದ ಕಥೆಯೂ ಇಂಥದ್ದೇ. ಕ್ವಾರ್ಟರ್‌ಬ್ಯಾಕ್‌ನ ಪಕ್ಕ ಕಾಯುವ ಟ್ಯಾಕಲ್ ಆಟಗಾರನಿಗೆ 33 ಇಂಚಾದರೂ ತೋಳು ಇರಬೇಕು ಎಂಬುದು ಸ್ಕೌಟ್‌ಗಳ, ಅಂದರೆ ತಂಡಕ್ಕಾಗಿ ಹುಡುಗರನ್ನು ನೋಡಿ ಅಳೆಯುವವರ, ಹಳೆಯ ಲೆಕ್ಕ. 2025ರಲ್ಲಿ ಎಲ್‌ಎಸ್‌ಯು ಕಾಲೇಜಿನ ವಿಲ್ ಕ್ಯಾಂಪ್‌ಬೆಲ್‌ನ ತೋಳು ಕಂಬೈನ್‌ನಲ್ಲಿ 32 ಇಂಚು ಮತ್ತು ಐದೆಂಟಾಂಶ ಬಂತು. ಕೆಲವು ವಾರಗಳ ನಂತರ ಕಾಲೇಜಿನಲ್ಲೇ ಅಳೆದಾಗ ಸರಿಯಾಗಿ 33. ಹುಡುಗ ಬೆಳೆದಿರಲಿಲ್ಲ, ಟೇಪು ಹಿಡಿದ ಕೈ ಬೇರೆ, ಅಷ್ಟೇ. ನ್ಯೂ ಇಂಗ್ಲೆಂಡ್ ತಂಡ ಅವನನ್ನು 4ನೇ ಸರದಿಯಲ್ಲಿ ತೆಗೆದುಕೊಂಡಿತು.

ಕಂಬೈನ್‌ನಲ್ಲಿ ನಿಜವಾಗಿ ಬೆಲೆ ಬಾಳುವುದು ಟಿವಿಯಲ್ಲಿ ಕಾಣಿಸದ ಭಾಗ. ಅದೇ ವೈದ್ಯಕೀಯ ತಪಾಸಣೆ. 1982ರಲ್ಲಿ ಇಂಥ ಶಿಬಿರ ಶುರುವಾಗಿದ್ದೇ ಅದಕ್ಕಾಗಿ. ಪ್ರತಿ ತಂಡ ಬೇರೆ ಬೇರೆಯಾಗಿ ಹುಡುಗರನ್ನು ಕರೆಸಿ ಎಕ್ಸ್‌ರೇ ತೆಗೆಸುವ ಬದಲು ಎಲ್ಲರೂ ಒಂದೇ ಕಡೆ ಸೇರೋಣ ಎಂದುಕೊಂಡರು. ಇಲ್ಲಿ ಪತ್ತೆಯಾದದ್ದು ಹುಡುಗನ ಬದುಕನ್ನೇ ಬದಲಿಸಬಹುದು. 2018ರಲ್ಲಿ ಮಿಷಿಗನ್‌ನ ಮೌರಿಸ್ ಹರ್ಸ್ಟ್‌ನ ಹೃದಯದಲ್ಲಿ ಏನೋ ತೊಂದರೆ ಕಂಡು ಕಂಬೈನ್‌ನಿಂದ ವಾಪಸ್ ಕಳಿಸಿದರು. ಒಳ್ಳೆಯ ಆಟಗಾರ ಎಂದು ಎಲ್ಲರೂ ಒಪ್ಪಿದ್ದವನು ಐದನೇ ಸುತ್ತಿಗೆ ಜಾರಿದ. ಆಮೇಲೆ ವರ್ಷಗಟ್ಟಲೆ ಲೀಗ್‌ನಲ್ಲಿ ಆಡಿದ.

ತಲೆಯೊಳಗಿನದನ್ನು ಅಳೆಯುವ ಕಷ್ಟ

ಎಲ್ಲಕ್ಕಿಂತ ಕಷ್ಟದ ಕೆಲಸ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವುದು. ತಂಡದ ಆಟವೆಲ್ಲ ಅವನ ಕೈಯಿಂದಲೇ ಶುರುವಾಗುತ್ತದೆ. ಚೆಂಡು ಕೈಗೆ ಬಂದ ಮೇಲೆ ಎಸೆಯಲು ಅವನಿಗೆ ಸಿಗುವುದು ಎರಡೂವರೆ ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಎದುರಾಳಿಗಳು ಹೇಗೆ ನಿಂತಿದ್ದಾರೆ, ಯಾರು ಸುಳ್ಳು ಹೆಜ್ಜೆ ಇಡುತ್ತಿದ್ದಾರೆ, ತನ್ನವರಲ್ಲಿ ಯಾರು ಬಿಡುವಾಗಿದ್ದಾರೆ ಎಲ್ಲ ಓದಿಕೊಳ್ಳಬೇಕು. ನೂರಿಪ್ಪತ್ತು ಕೆಜಿಯ ನಾಲ್ಕು ಜನ ಮೈಮೇಲೆ ಬೀಳಲು ಓಡಿ ಬರುತ್ತಿರುತ್ತಾರೆ.

ಇದನ್ನು ಕಾಲೇಜಿನ ವಿಡಿಯೋ ನೋಡಿ ತಿಳಿಯಬಹುದಲ್ವಾ ಅಂತ ಕೇಳಬಹುದು. ಸ್ಕೌಟ್‌ಗಳು ಮಾಡುವುದೇ ಅದು. ಮೇಲಿನಿಂದ 22 ಆಟಗಾರರೂ ಕಾಣುವ ಹಾಗೆ ತೆಗೆದ ದೃಶ್ಯಗಳನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ಆದರೆ ಕಾಲೇಜು ಆಟ ಮತ್ತು ಎನ್‌ಎಫ್‌ಎಲ್ ಆಟ ಹೊರನೋಟಕ್ಕಷ್ಟೇ ಒಂದೇ. ಕಾಲೇಜು ಮೈದಾನದಲ್ಲಿ ಚೆಂಡು ಇಡುವ ಎರಡು ಗೆರೆಗಳ ನಡುವೆ 40 ಅಡಿ ಅಂತರ. ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಹಾಗಾಗಿ ಕಾಲೇಜಿನಲ್ಲಿ ಮೈದಾನದ ಒಂದು ಬದಿ ಬಹಳ ಅಗಲವಾಗಿ ತೆರೆದಿರುತ್ತದೆ. ಅಲ್ಲಿ ಆಟಗಾರರನ್ನು ಹರಡಿ ನಿಲ್ಲಿಸಿದರೆ ಜಾಗ ತಾನಾಗಿ ಸಿಗುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಕ್ವಾರ್ಟರ್‌ಬ್ಯಾಕ್ ಗೆರೆಯಾಚೆ ನಿಂತ ಕೋಚ್ ಕಡೆ ನೋಡುತ್ತಾನೆ. ಕೋಚ್ ಎದುರಾಳಿಯನ್ನು ಓದಿ, ಸನ್ನೆ ಮಾಡಿ ಹೇಳುತ್ತಾನೆ. ಹಾಗಾದರೆ ಆ ವಿಡಿಯೋದಲ್ಲಿ ನಾವು ಕಂಡ ಬುದ್ಧಿ ಯಾರದು, ಹುಡುಗನದೋ ಕೋಚ್‌ನದೋ? ಸ್ಕೌಟ್ ಬಿಡಿಸಬೇಕಾದ ಗಂಟು ಇದೇ.

ತೆರೆದ ಜಾಗ ಎಂಬ ಮಾತಿಗೂ ಎರಡು ಕಡೆ ಅರ್ಥ ಬೇರೆ. ಕಾಲೇಜಿನಲ್ಲಿ ರಿಸೀವರ್‌ನ ಸುತ್ತ ಐದಾರು ಅಡಿ ಯಾರೂ ಇರುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಒಂದು ಹೆಜ್ಜೆ ಮುಂದಿದ್ದರೆ ಅದೇ ತೆರೆದ ಜಾಗ. ಅವನು ತಿರುಗುವುದಕ್ಕೂ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ನಾನಾದರೆ ಕಾಲೇಜು ವಿಡಿಯೋದಲ್ಲಿ ಉದ್ದನೆಯ, ಚಪ್ಪಾಳೆ ಗಿಟ್ಟಿಸುವ ಎಸೆತಗಳನ್ನು ಬದಿಗಿಟ್ಟು ಬೇರೆ ಒಂದನ್ನು ಹುಡುಕುತ್ತೇನೆ. ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಇದು ಮೂರನೆಯದು, ಇನ್ನೂ ಎಂಟು ಗಜ ಬೇಕು, ಮೊದಲು ನೋಡಿದ ಆಟಗಾರ ಸಿಗಲಿಲ್ಲ. ಆಗ ಹುಡುಗನ ಕಾಲು ಏನು ಮಾಡುತ್ತದೆ? ಗಾಬರಿಯಾದವನ ಕಾಲು ಓಡಲು ಹವಣಿಸುತ್ತದೆ. ಓದುತ್ತಿರುವವನ ಕಾಲು ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಕಣ್ಣಿನ ಜೊತೆ ತಿರುಗುತ್ತದೆ.

ತಲೆಯನ್ನು ನೇರವಾಗಿ ಅಳೆಯುವ ಪ್ರಯತ್ನಗಳೂ ನಡೆದಿವೆ. ವರ್ಷಾನುಗಟ್ಟಲೆ ವಂಡರ್ಲಿಕ್ ಎಂಬ ಪರೀಕ್ಷೆ ಇತ್ತು. 12 ನಿಮಿಷದಲ್ಲಿ 50 ಪ್ರಶ್ನೆ. 2022ರಲ್ಲಿ ಅದನ್ನು ಕೈಬಿಟ್ಟರು. ಬೇರೆ ಕಂಪ್ಯೂಟರ್ ಪರೀಕ್ಷೆಗಳು ಬಂದವು. 2023ರಲ್ಲಿ ಒಹಾಯೋ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್ ಅಂಥ ಒಂದು ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದ ಎಂಬ ಸುದ್ದಿ ಡ್ರಾಫ್ಟ್‌ಗೆ ಮುಂಚೆ ಸೋರಿ ಹರಡಿತು. 21 ವರ್ಷದ ಹುಡುಗನ ಬುದ್ಧಿಯ ಬಗ್ಗೆ ಇಡೀ ದೇಶ ವಾರಗಟ್ಟಲೆ ಮಾತಾಡಿತು. ಹ್ಯೂಸ್ಟನ್ ತಂಡ 2ನೇ ಸರದಿಯಲ್ಲಿ ಅವನನ್ನು ಆರಿಸಿತು. ಮೊದಲ ವರ್ಷವೇ 4,108 ಗಜ, 23 ಟಚ್‌ಡೌನ್. ಎದುರಾಳಿಯ ಕೈಗೆ ಕೊಟ್ಟ ಚೆಂಡು ಬರೀ ಐದು. ವರ್ಷದ ಅತ್ಯುತ್ತಮ ಹೊಸ ಆಟಗಾರ ಎಂಬ ಪ್ರಶಸ್ತಿಯೂ ಬಂತು.

ಸಂದರ್ಶನಗಳಲ್ಲಿ ಆಗುವ ಅವಮಾನದ ಬಗ್ಗೆಯೂ ಹೇಳಲೇಬೇಕು. 2010ರಲ್ಲಿ ಡೆಜ್ ಬ್ರಯಾಂಟ್ ಎಂಬ ಹುಡುಗನಿಗೆ ಒಂದು ತಂಡದ ಜನರಲ್ ಮ್ಯಾನೇಜರ್ ಅವನ ತಾಯಿಯ ಬಗ್ಗೆ ಕೇಳಬಾರದ ಪ್ರಶ್ನೆ ಕೇಳಿ, ಆಮೇಲೆ ಎಲ್ಲರೆದುರು ಕ್ಷಮೆ ಕೇಳಬೇಕಾಯಿತು. ಒತ್ತಡದಲ್ಲಿ ಹುಡುಗ ಹೇಗೆ ವರ್ತಿಸುತ್ತಾನೆ ಎಂದು ನೋಡಲು ಇಂಥ ಪ್ರಶ್ನೆ ಎಂಬ ಸಮರ್ಥನೆ ಆಗಾಗ ಕೇಳುತ್ತದೆ. ನಾನು ಒಪ್ಪುವುದಿಲ್ಲ. ತಾಯಿಯನ್ನು ಬೈದಾಗ ಸುಮ್ಮನಿರುವವನು ಚೆನ್ನಾಗಿ ಚೆಂಡು ಎಸೆಯುತ್ತಾನೆ ಎಂದು ಯಾರೂ ತೋರಿಸಿಕೊಟ್ಟಿಲ್ಲ. ಹುಡುಗರ ಮರ್ಯಾದೆಗೆ ಧಕ್ಕೆ ತರುವ ಪ್ರಶ್ನೆ ಕೇಳಿದರೆ ಡ್ರಾಫ್ಟ್ ಆಯ್ಕೆಯನ್ನೇ ಕಳೆದುಕೊಳ್ಳುತ್ತೀರಿ ಎಂದು 2022ರಲ್ಲಿ ಲೀಗ್ ತಂಡಗಳಿಗೆ ಎಚ್ಚರಿಕೆ ಕೊಟ್ಟಿತು.

ಅಲಿಗಢದಲ್ಲಿ ಓದಿದವರು ಮಾಡಿದ ಲೆಕ್ಕ

ಸ್ಕೌಟ್‌ಗಳ ಮಾತನ್ನು ಅಂಕಿಗೆ ಇಳಿಸುವ ಕೆಲಸ ಮೊದಲು ಮಾಡಿದವರಲ್ಲಿ ಒಬ್ಬ ಭಾರತೀಯರು ಇದ್ದಾರೆ ಎಂಬುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಅವರು ಸಲಾಂ ಖುರೇಷಿ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಐಬಿಎಂನ ಅಂಗಸಂಸ್ಥೆಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞರಾಗಿದ್ದರು. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಜನರಲ್ ಮ್ಯಾನೇಜರ್ ಟೆಕ್ಸ್ ಶ್ರಾಮ್, ಖುರೇಷಿ ಅವರನ್ನು ಹುಡುಕಿಕೊಂಡು ಬಂದರು. ಖುರೇಷಿ ಅವರಿಗೆ ಕ್ರಿಕೆಟ್ ಗೊತ್ತಿತ್ತು, ಅಮೆರಿಕನ್ ಫುಟ್‌ಬಾಲ್ ಗೊತ್ತಿರಲಿಲ್ಲ.

ಆಟ ಗೊತ್ತಿಲ್ಲದ್ದೇ ಒಳ್ಳೆಯದಾಯಿತೇನೋ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಭಾಷೆಯ ತೊಂದರೆ. ಒಬ್ಬ ಸ್ಕೌಟ್ ‘ಚುರುಕು’ ಎಂದು ಬರೆದರೆ ಇನ್ನೊಬ್ಬ ಸ್ಕೌಟ್‌ನ ‘ಚುರುಕು’ ಬೇರೆಯೇ ಆಗಿತ್ತು. ಪದ ಒಂದಾದರೂ ತೂಕ ಬೇರೆ ಬೇರೆ. ಅದಕ್ಕಾಗಿ ಎಲ್ಲರಿಗೂ ಒಂದೇ ಪ್ರಶ್ನಾವಳಿ ಮಾಡಿದರು. ಉದ್ದನೆಯ ಗುಣಗಳ ಪಟ್ಟಿಯನ್ನು ಸೋಸಿ ಸೋಸಿ ಐದಕ್ಕೆ ಇಳಿಸಿದರು: ನಡತೆ, ಚುರುಕು ಮತ್ತು ಮೈ ಹಿಡಿತ, ಪೈಪೋಟಿಯ ಛಲ, ತಲೆಯ ಎಚ್ಚರ, ಬಲ. ಅರವತ್ತು ವರ್ಷ ಕಳೆದಿದೆ. ಇವತ್ತಿನ ಯಾವುದೇ ತಂಡದ ಸ್ಕೌಟ್ ವರದಿ ತೆಗೆದರೂ ಇವೇ ಐದು ಬೇರೆ ಬೇರೆ ಹೆಸರಲ್ಲಿ ಕುಳಿತಿರುತ್ತವೆ.

ಅಂಕಿಯ ಇನ್ನೊಂದು ಮುಖವೂ ಡಲ್ಲಾಸ್‌ನಿಂದಲೇ ಬಂತು. 1990ರ ದಶಕದ ಆರಂಭದಲ್ಲಿ, ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ, ತಂಡದ ಪಾಲುದಾರ ಮೈಕ್ ಮೆಕಾಯ್ ಸರದಿಗಳಿಗೆ ಬೆಲೆ ಕಟ್ಟುವ ಒಂದು ಪಟ್ಟಿ ಮಾಡಿದರು. ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಮೂರನೆಯದಕ್ಕೆ 2,200, ಹನ್ನೆರಡನೆಯದಕ್ಕೆ 1,200. ಅದಲುಬದಲು ಮಾಡುವಾಗ ಕೂಡಿ ಕಳೆದು ಸರಿತೂಗಿಸಬಹುದು. ಈ ಪಟ್ಟಿ ಇಡೀ ಲೀಗ್‌ಗೆ ಹರಡಿತು. ಆದರೆ ಇದನ್ನು ಮಾಡಿದ್ದು ಹಿಂದೆ ತಂಡಗಳು ಎಷ್ಟು ಕೊಟ್ಟು ಕೊಂಡಿದ್ದವು ಎಂಬುದರ ಆಧಾರದ ಮೇಲೆ. ಆ ಸರದಿಯಲ್ಲಿ ಬಂದ ಹುಡುಗರು ಎಷ್ಟು ಚೆನ್ನಾಗಿ ಆಡಿದರು ಎಂಬುದರ ಆಧಾರದ ಮೇಲಲ್ಲ. ಸಂತೆಯಲ್ಲಿ ಎಲ್ಲರೂ ದುಬಾರಿ ಕೊಟ್ಟಿದ್ದಾರೆ ಅಂತ ಆ ದುಬಾರಿಯನ್ನೇ ನ್ಯಾಯವಾದ ಬೆಲೆ ಅಂದುಕೊಂಡ ಹಾಗಾಯಿತು.

ಇದನ್ನು ಪರೀಕ್ಷಿಸಿದವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಅವರು ಕೇಳಿದ ಪ್ರಶ್ನೆ ಸರಳ. ಒಂದೇ ಜಾಗದಲ್ಲಿ ಆಡುವ ಇಬ್ಬರು ಹುಡುಗರು ಡ್ರಾಫ್ಟ್‌ನಲ್ಲಿ ಒಬ್ಬರ ನಂತರ ಒಬ್ಬರು ಆಯ್ಕೆಯಾದರು ಅಂದುಕೊಳ್ಳಿ. ಮೊದಲು ಆಯ್ಕೆಯಾದವನೇ ಮುಂದೆ ಉತ್ತಮನಾಗುವ ಸಾಧ್ಯತೆ ಎಷ್ಟು? ಉತ್ತರ: ನೂರಕ್ಕೆ 52ರ ಆಸುಪಾಸು. ನಾಣ್ಯ ಚಿಮ್ಮಿದರೆ 50. ಇಷ್ಟೆಲ್ಲ ವಿಡಿಯೋ, ಟೇಪು, ಗಡಿಯಾರ, ಸಂದರ್ಶನ ಸೇರಿ ನಾಣ್ಯಕ್ಕಿಂತ ಎರಡು ಹೆಜ್ಜೆ ಮುಂದೆ.

ಈ ಅಂಕಿಯನ್ನು ಓದಿ ಸ್ಕೌಟ್‌ಗಳು ದಡ್ಡರು ಎಂದುಕೊಂಡರೆ ತಪ್ಪಾಗುತ್ತದೆ. ಮೊದಲ ಸುತ್ತಿನವರು ಐದನೇ ಸುತ್ತಿನವರಿಗಿಂತ ಒಟ್ಟಾರೆ ಎಷ್ಟೋ ಚೆನ್ನಾಗಿ ಆಡುತ್ತಾರೆ. ಜಳ್ಳು ಕಾಳು ಬೇರೆ ಮಾಡುವುದು ಅವರಿಗೆ ಬರುತ್ತದೆ. ಕಾಳಿನಲ್ಲಿ ಈ ಕಾಳು ಆ ಕಾಳಿಗಿಂತ ಗಟ್ಟಿ ಎಂದು ಹೇಳುವುದು ಯಾರಿಗೂ ಬರುವುದಿಲ್ಲ. ‘ಬೆಳೆಯ ಸಿರಿ ಮೊಳಕೆಯಲ್ಲಿ’ ಅಂತ ನಾವು ಹೇಳುತ್ತೇವೆ. ಎರಡು ಮೊಳಕೆ ಪಕ್ಕಪಕ್ಕ ಇಟ್ಟು ಯಾವುದು ಜಾಸ್ತಿ ತೆನೆ ಬಿಡುತ್ತದೆ ಎಂದು ಕೇಳಿದರೆ ಹಳೆಯ ರೈತನೂ ಮಳೆ ನೋಡಿ ಹೇಳುತ್ತೇನೆ ಅನ್ನುತ್ತಾನೆ. ಹೀಗಿರುವಾಗ ಒಬ್ಬ ಹುಡುಗನಿಗಾಗಿ ಮೂರು ಮೊದಲ ಸುತ್ತಿನ ಆಯ್ಕೆ ಸುರಿಯುವುದು ಬುದ್ಧಿವಂತಿಕೆಯಲ್ಲ. ಕಾಳುಗಳ ಸಂಖ್ಯೆ ಜಾಸ್ತಿ ಮಾಡಿಕೊಳ್ಳುವುದು ಬುದ್ಧಿವಂತಿಕೆ.

ಕಾಲೇಜು ಬದಲಾಗಿದೆ, ಹುಡುಗರೂ ಬದಲಾಗಿದ್ದಾರೆ

ಈಗಿನ ಡ್ರಾಫ್ಟ್‌ಗಳನ್ನು ಹತ್ತು ವರ್ಷ ಹಿಂದಿನ ಕಣ್ಣಲ್ಲಿ ನೋಡಲು ಆಗುವುದಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. ಅದೇ ವರ್ಷದಿಂದ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಸುಮ್ಮನೆ ಕೂರಬೇಕು ಎಂಬ ನಿಯಮ ಸಡಿಲವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು. ಹುಡುಗರಿಗೆ ಇದು ನ್ಯಾಯವಾಗಿ ಬರಬೇಕಾದದ್ದು, ತಡವಾಗಿ ಬಂತು. ಮೊದಲು ಅವರ ಬೆವರಿನಿಂದ ಕಾಲೇಜು, ಕೋಚ್, ಟಿವಿ ಎಲ್ಲರೂ ಗಳಿಸುತ್ತಿದ್ದರು, ಅವರೊಬ್ಬರನ್ನು ಬಿಟ್ಟು.

ಅಳೆಯುವವರಿಗೆ ಮಾತ್ರ ಲೆಕ್ಕ ಜಟಿಲವಾಯಿತು. ಮೊದಲಾದರೆ ನಡುವಿನ ಸುತ್ತುಗಳಲ್ಲಿ ಹೋಗಬಹುದಾದ ಹುಡುಗ ಹಣಕ್ಕಾಗಿ ಬೇಗ ಡ್ರಾಫ್ಟ್‌ಗೆ ಬರುತ್ತಿದ್ದ. ಈಗ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದರೆ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಹಣ ಸಿಗಬಹುದು. ಜಾರ್ಜಿಯಾದ ಕಾರ್ಸನ್ ಬೆಕ್ 2025ರ ಡ್ರಾಫ್ಟ್‌ಗೆ ಬರುತ್ತೇನೆ ಎಂದವನು ಮನಸ್ಸು ಬದಲಿಸಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ. ಹಾಗಾಗಿ ಡ್ರಾಫ್ಟ್‌ನ ಮೊದಲ ಎರಡು ಸುತ್ತು ಮುಗಿದ ಮೇಲೆ ಪಟ್ಟಿ ತೆಳುವಾಗುತ್ತದೆ, ಬರುವ ಹುಡುಗರ ವಯಸ್ಸು ಏರುತ್ತದೆ.

2024ರ ಡ್ರಾಫ್ಟ್ ಇದರ ಒಳ್ಳೆಯ ಉದಾಹರಣೆ. ಮೊದಲ 12 ಆಯ್ಕೆಗಳಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳು. ಅವರಲ್ಲಿ ನಾಲ್ವರು, ಅಂದರೆ ಕೇಲೆಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಮೈಕಲ್ ಪೆನಿಕ್ಸ್ ಮತ್ತು ಬೋ ನಿಕ್ಸ್, ನಡುವೆ ಕಾಲೇಜು ಬದಲಿಸಿದವರು. ನಿಕ್ಸ್ ಕಾಲೇಜಿನಲ್ಲಿ ಆರಂಭದಿಂದ ಆಡಿದ ಪಂದ್ಯಗಳು 61, ಅದೊಂದು ದಾಖಲೆ. ಆಯ್ಕೆಯಾಗುವಾಗ ಅವನ ವಯಸ್ಸು 24. ಪೆನಿಕ್ಸ್‌ನ ಇಂಡಿಯಾನಾ ಕಾಲದ ನಾಲ್ಕೂ ಋತುಗಳು ಗಾಯದಲ್ಲೇ ಕೊನೆಗೊಂಡಿದ್ದವು.

24 ವರ್ಷದವನು 19 ವರ್ಷದ ಎದುರಾಳಿಗಳ ಮೇಲೆ ಚೆನ್ನಾಗಿ ಆಡಿದರೆ ಅದು ಪ್ರತಿಭೆಯೋ ವಯಸ್ಸೋ? ಸ್ಕೌಟ್‌ಗಳಿಗೆ ಇದು ನಿಜವಾದ ತಲೆನೋವು. ಮತ್ತೊಂದು ಕಡೆಯಿಂದ ನೋಡಿದರೆ, ಮೂರು ಜನ ಕೋಚ್‌ಗಳ ಕೈಕೆಳಗೆ, ಮೂರು ಬಗೆಯ ಆಟ ಕಲಿತ ಹುಡುಗನ ಬಗ್ಗೆ ನಮಗೆ ಜಾಸ್ತಿ ಗೊತ್ತಿರುತ್ತದೆ. 2025ರ ಮೊದಲ ಆಯ್ಕೆ ಕ್ಯಾಮ್ ವಾರ್ಡ್ ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ಕಾಲೇಜಿನಿಂದ ಶುರುಮಾಡಿ, ವಾಷಿಂಗ್ಟನ್ ಸ್ಟೇಟ್ ದಾಟಿ, ಮಯಾಮಿಗೆ ಬಂದವನು. ಹೊಸ ಊರು, ಹೊಸ ಭಾಷೆಯ ಆಟ, ಹೊಸ ಜೊತೆಗಾರರ ನಡುವೆ ಹೊಂದಿಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ ಅವನು ಎರಡು ಸಲ ಉತ್ತರ ಕೊಟ್ಟಾಗಿತ್ತು.

ಟ್ರೇ ಲ್ಯಾನ್ಸ್‌ನ ಕಾಲದಲ್ಲಿ ಇಂಥ ಪುರಾವೆ ಇರಲಿಲ್ಲ. ಅವನು ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ ಆರಂಭದಿಂದ ಆಡಿದ್ದು 17 ಪಂದ್ಯ. 2019ರಲ್ಲಿ 28 ಟಚ್‌ಡೌನ್ ಎಸೆದು, ಎದುರಾಳಿಗೆ ಒಂದೂ ಚೆಂಡು ಕೊಡದೆ ತಂಡವನ್ನು ಗೆಲ್ಲಿಸಿದ್ದ, ಆದರೆ ಕೆಳಗಿನ ದರ್ಜೆಯಲ್ಲಿ. 2020ರಲ್ಲಿ ಕೋವಿಡ್‌ನಿಂದಾಗಿ ಒಂದೇ ಪಂದ್ಯ. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಎಂದಿನಂತೆ ಕಂಬೈನ್ ಕೂಡ ನಡೆಯಲಿಲ್ಲ. ತಂಡ ಕಡಿಮೆ ನೋಡಿ ಜಾಸ್ತಿ ಬೆಲೆ ಕೊಟ್ಟಿತು. ತಪ್ಪು ಆ ಹುಡುಗನದಲ್ಲ. ಬೆಲೆ ಕಟ್ಟಿದವರದು.

ಬಿತ್ತಿದ ನೆಲ

ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ‘ಫೇಲಾದ’ ಎಂಬ ಮಾತು. 2018ರಲ್ಲಿ ಸ್ಯಾಮ್ ಡಾರ್ನಾಲ್ಡ್ 3ನೇ ಸರದಿಯಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಮೂರು ವರ್ಷ ಸೋತ. ಡ್ರಾಫ್ಟ್‌ನ ದೊಡ್ಡ ತಪ್ಪುಗಳ ಪಟ್ಟಿಯಲ್ಲಿ ಅವನ ಹೆಸರು ಸೇರಿತು. ಕ್ಯಾರೊಲಿನಾಗೆ ಹೋದ, ಫಾರ್ಟಿನೈನರ್ಸ್‌ನಲ್ಲಿ ಪರ್ಡಿಯ ಹಿಂದೆ ಕೂತ. 2024ರಲ್ಲಿ ಮಿನೆಸೋಟಾ ತಂಡ ಸೇರಿ 35 ಟಚ್‌ಡೌನ್ ಎಸೆದ, ತಂಡ 14 ಪಂದ್ಯ ಗೆದ್ದಿತು. ಅದೇ ಡ್ರಾಫ್ಟ್‌ನ ಮೊದಲ ಆಯ್ಕೆ ಬೇಕರ್ ಮೇಫೀಲ್ಡ್ ಕೂಡ ಕ್ಲೀವ್‌ಲ್ಯಾಂಡ್ ಬಿಟ್ಟು, ಊರೂರು ಸುತ್ತಿ, ಟ್ಯಾಂಪಾದಲ್ಲಿ ನೆಲೆ ಕಂಡುಕೊಂಡ. ಇವರ ತೋಳು, ಗೇಣು, ಬುದ್ಧಿ ಏನೂ ಬದಲಾಗಿರಲಿಲ್ಲ. ಸುತ್ತ ಇದ್ದ ಕೋಚ್, ಕಾಯುವ ಸಾಲು, ಚೆಂಡು ಹಿಡಿಯುವ ಕೈಗಳು ಬದಲಾಗಿದ್ದವು. ಹಾಗಾಗಿ ಹುಡುಗನಿಗೆ ಕೊಡುವ ಅಂಕಕ್ಕೆ ಅವನು ಹೋಗುವ ಊರಿನ ಹೆಸರು ಸೇರಿಸದೆ ಹೋದರೆ ಅದು ಅರ್ಧ ಅಂಕವೇ. ಸೋತ ತಂಡಕ್ಕೆ ಮೊದಲ ಸರದಿ ಕೊಡುವ ಈ ಪದ್ಧತಿಯಲ್ಲಿ ಒಳ್ಳೆಯ ಹುಡುಗರು ಮೊದಲು ಬೀಳುವುದೇ ಸವಳು ನೆಲಕ್ಕೆ.

ನಮ್ಮ ಊರಿನ ನೆನಪೂ ಒಂದು ಬರುತ್ತದೆ. 2008ರಲ್ಲಿ ಮೊದಲ ಐಪಿಎಲ್‌ಗೆ 19ರ ಒಳಗಿನ ವಿಶ್ವಕಪ್ ಗೆದ್ದ ಹುಡುಗರನ್ನು ಹಂಚಿದ್ದು ಹರಾಜಿನಲ್ಲಲ್ಲ, ಇಂಥದೇ ಡ್ರಾಫ್ಟ್‌ನಲ್ಲಿ. ದೆಹಲಿಗೆ ಮೊದಲ ಅವಕಾಶ ಇತ್ತು. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಬ್ಯಾಟ್ಸ್‌ಮನ್ ಬೇಕಿರಲಿಲ್ಲ. ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಅದೇ ದೆಹಲಿಯ ವಿರಾಟ್ ಕೊಹ್ಲಿ ಬೆಂಗಳೂರಿಗೆ ಸಿಕ್ಕ. ದೆಹಲಿಯವರು ಅವತ್ತು ಯೋಚಿಸಿದ್ದರಲ್ಲಿ ತರ್ಕ ಇತ್ತು. ಎನ್‌ಎಫ್‌ಎಲ್‌ನಲ್ಲೂ ಇದೇ ವಾದ ಪ್ರತಿ ವರ್ಷ ನಡೆಯುತ್ತದೆ: ಈಗ ಖಾಲಿ ಇರುವ ಜಾಗಕ್ಕೆ ಆರಿಸಬೇಕಾ, ಇದ್ದವರಲ್ಲಿ ಉತ್ತಮನನ್ನು ಆರಿಸಬೇಕಾ? ಮುಂದಿನ ಹತ್ತು ವರ್ಷಕ್ಕೆ ಆರಿಸುವವರು ಈ ವರ್ಷದ ಖಾಲಿ ಕುರ್ಚಿ ನೋಡಬಾರದು ಅನ್ನುವುದು ನನ್ನ ಪಕ್ಷ.

ಕೊನೆಗೆ ಮತ್ತೆ ಫಾರ್ಟಿನೈನರ್ಸ್ ಕೋಚ್ ಕೈಲ್ ಶಾನಹನ್ ಬಳಿಗೆ ಬರುತ್ತೇನೆ. 2012ರಲ್ಲಿ ಅವರು ವಾಷಿಂಗ್ಟನ್ ತಂಡದಲ್ಲಿ ತಂದೆ ಮೈಕ್ ಶಾನಹನ್ ಕೆಳಗೆ ಕೆಲಸ ಮಾಡುತ್ತಿದ್ದರು. ಆ ವರ್ಷ ವಾಷಿಂಗ್ಟನ್ ಮೂರು ಮೊದಲ ಸುತ್ತಿನ ಮತ್ತು ಒಂದು ಎರಡನೇ ಸುತ್ತಿನ ಆಯ್ಕೆ ಕೊಟ್ಟು 2ನೇ ಸರದಿಗೆ ಏರಿ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ನನ್ನು ಆರಿಸಿತು. ಅದೇ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ, 102ನೇ ಸರದಿಯಲ್ಲಿ, ಕರ್ಕ್ ಕಸಿನ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನೂ ತೆಗೆದುಕೊಂಡಿತು. ಒಬ್ಬನಿಗೆ ಅಷ್ಟು ಸುರಿದ ಮೇಲೆ ಇನ್ನೊಬ್ಬ ಯಾಕೆ ಎಂದು ಜನ ಕೇಳಿದರು. ಗ್ರಿಫಿನ್ ಮೊದಲ ವರ್ಷ ಮಿಂಚಿದ, ಋತುವಿನ ಕೊನೆಗೆ ಮಂಡಿ ಹೋಯಿತು, ಮತ್ತೆ ಮೊದಲಿನಂತಾಗಲಿಲ್ಲ. 2015ರಲ್ಲಿ ಆ ಜಾಗದಲ್ಲಿ ನಿಂತಿದ್ದು ಕಸಿನ್ಸ್.

ಒಂಬತ್ತು ವರ್ಷದ ನಂತರ ಅದೇ ಶಾನಹನ್ ಲ್ಯಾನ್ಸ್‌ಗಾಗಿ ಮತ್ತೆ ಮೂರು ಮೊದಲ ಸುತ್ತಿನ ಆಯ್ಕೆ ಕೊಟ್ಟರು. ಅವರು ಬಿಟ್ಟುಕೊಟ್ಟ ಆ 12ನೇ ಸರದಿ ಮಯಾಮಿಯಿಂದ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಡಲ್ಲಾಸ್‌ಗೆ ಕೈ ಬದಲಾಯಿತು. ಡಲ್ಲಾಸ್ ಅದರಲ್ಲಿ ಆರಿಸಿದ್ದು ಮೈಕಾ ಪಾರ್ಸನ್ಸ್‌ನನ್ನು, ಲೀಗ್‌ನ ಅತ್ಯಂತ ಭಯಂಕರ ಡಿಫೆಂಡರ್‌ಗಳಲ್ಲಿ ಒಬ್ಬನನ್ನು. ಮರುವರ್ಷ ಕೊನೆಯ ಸುತ್ತಿನ ಕೊನೆಯ ಸರದಿ ಬಂದಾಗ, ಮೂರು ಆಯ್ಕೆ ಕೊಟ್ಟು ತಂದ ಕ್ವಾರ್ಟರ್‌ಬ್ಯಾಕ್ ಕಣ್ಣೆದುರೇ ಇದ್ದರೂ, ಅವರು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರು ಬರೆದು ಕೊಟ್ಟರು.